ಸದ್ದಿನ ಅಳತೆ: ಗಾಳಿಗೆ ಒಂದು ಲೆಕ್ಕ, ಕಿವಿಗೆ ಇನ್ನೊಂದು

ಧ್ವನಿತರಂಗದ ಪಾರ, ಅಂದರೆ ಅದರ ಅಲುಗಾಟದ ಗಾತ್ರ, ಹತ್ತು ಪಟ್ಟು ಹೆಚ್ಚಿದರೂ ನಮಗೆ ಸದ್ದು ಜೋರಾದಂತೆ ಅನ್ನಿಸುವುದು ಸುಮಾರು ನಾಲ್ಕು ಪಟ್ಟು ಮಾತ್ರ. ಎಲೆಯ ಮರ್ಮರದಿಂದ ಸಿಡಿಲಿನ ಆರ್ಭಟದವರೆಗೆ ಎಲ್ಲವನ್ನೂ ಕೇಳಬಲ್ಲ ನಮ್ಮ ಕಿವಿಯ ಸಾಮರ್ಥ್ಯ ಇರುವುದು ಈ ಅಂತರದಲ್ಲೇ. ಆ ಕಿವಿಯನ್ನು ನಮಗರಿವಿಲ್ಲದೆ ಹಾಳುಮಾಡಿಕೊಳ್ಳುತ್ತಿರುವುದೂ ಇದೇ ಅಂತರದಿಂದ.

"ಹೋದ ವರ್ಷ 500 ವ್ಯಾಟಿನ ಸೆಟ್ ಹಾಕಿದ್ರಿ. ಈ ಸಲ ಸೌಂಡು ಡಬಲ್ ಆಗ್ಬೇಕಣ್ಣ, 1000 ವ್ಯಾಟಿನದು ಕೊಡಿ." ಊರಹಬ್ಬ, ಗಣೇಶೋತ್ಸವ ಹತ್ತಿರ ಬಂತೆಂದರೆ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವರ ಅಂಗಡಿಗಳಲ್ಲಿ ಇಂಥ ಮಾತು ಸಾಮಾನ್ಯ. ವ್ಯಾಟು ಎರಡರಷ್ಟಾದರೆ ಸದ್ದೂ ಎರಡರಷ್ಟಾಗುತ್ತದೆ ಎಂಬ ಈ ಲೆಕ್ಕ ಮೇಲ್ನೋಟಕ್ಕೆ ಸರಿ ಎನ್ನಿಸುತ್ತದೆ. ಆದರೆ ಅದೇ ಸ್ಪೀಕರಿಗೆ ಎರಡರಷ್ಟು ವಿದ್ಯುತ್ ಕೊಟ್ಟರೆ ಸದ್ದಿನ ಮಟ್ಟ ಏರುವುದು ಬರೀ 3 ಡೆಸಿಬೆಲ್. ಮುಂದೆ ನಿಂತವರಿಗೆ "ಸ್ವಲ್ಪ ಜಾಸ್ತಿ ಆಗಿದೆ" ಎನ್ನಿಸಬಹುದು, ಅಷ್ಟೆ. ಕಿವಿಗೆ ನಿಜವಾಗಿ ಎರಡರಷ್ಟು ಜೋರಾಗಿ ಕೇಳಬೇಕಾದರೆ ಹತ್ತು ಪಟ್ಟು, ಅಂದರೆ 5000 ವ್ಯಾಟ್ ಬೇಕು.

ಈ ಹತ್ತು ಪಟ್ಟು ಶಕ್ತಿ ಎಲ್ಲಿಗೆ ಹೋಗುತ್ತದೆ? ಅದು ಗಾಳಿಯಲ್ಲಿ ಸಾಗಿ ಬಂದು, ಕಿವಿಯ ತಮಟೆಯನ್ನು ಬಡಿದು, ಒಳಗಿವಿಯ ಸೂಕ್ಷ್ಮ ಕೋಶಗಳವರೆಗೂ ತಲಪುತ್ತದೆ. ಎರಡರಷ್ಟು ಎಂದು ಲೆಕ್ಕ ಹೇಳುವುದು ನಮ್ಮ ಮಿದುಳು ಮಾತ್ರ. ಸದ್ದಿನ ವಿಷಯದಲ್ಲಿ ನಾವೆಲ್ಲರೂ ತಿಳಿದಿರಬೇಕಾದ ಮುಖ್ಯ ಸಂಗತಿ ಇದು: ಕಿವಿಗೆ "ಸ್ವಲ್ಪ" ಅನ್ನಿಸುವುದು ಗಾಳಿಯಲ್ಲಿ ಸ್ವಲ್ಪವಲ್ಲ.

ಗಾಳಿಯ ಅಲುಗಾಟ

ವೀಣೆಯ ತಂತಿ ಮೀಟಿದಾಗ ಅದು ತಾನಿದ್ದ ಜಾಗದಿಂದ ಆಚೆಗೂ ಈಚೆಗೂ ಅಲುಗುತ್ತದೆ. ಮೂಲಸ್ಥಾನದಿಂದ ಗರಿಷ್ಠ ಎಷ್ಟು ದೂರ ಸರಿಯಿತು ಎಂಬುದೇ ಕಂಪನದ ಪಾರ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಇದು ಆಂಪ್ಲಿಟ್ಯೂಡ್ ಎಂದು ಪರಿಚಿತ. ಒಂದು ಸೆಕೆಂಡಿಗೆ ಎಷ್ಟು ಸಲ ಅಲುಗಿತು ಎಂಬುದು ಆವೃತ್ತಿ. ಇದರ ಘಟಕ ಹರ್ಟ್ಸ್. ಸ್ವರದ ಶ್ರುತಿ ಆವೃತ್ತಿಯನ್ನು ಅವಲಂಬಿಸಿದೆ, ಸದ್ದಿನ ಗಟ್ಟಿತನ ಮುಖ್ಯವಾಗಿ ಪಾರವನ್ನು.

ಇವೆರಡೂ ಬೇರೆ ಬೇರೆ ಎಂಬುದನ್ನು ಮೃದಂಗದ ಮುಂದೆ ಕೂತರೆ ಚೆನ್ನಾಗಿ ತಿಳಿಯಬಹುದು. ವಿದ್ವಾಂಸರು ಬಲಗಡೆಯ ಚರ್ಮದ ಮೇಲೆ ತೋರುಬೆರಳಿನಿಂದ ಮೆಲ್ಲಗೆ ಒಂದು "ನಂ" ನುಡಿಸುತ್ತಾರೆ. ಮರುಕ್ಷಣ ಅದನ್ನೇ ಬಲವಾಗಿ ನುಡಿಸುತ್ತಾರೆ. ಎರಡೂ ಸಲ ಶ್ರುತಿ ಕೂಡಿಯೇ ಇರುತ್ತದೆ, ತಂಬೂರಿಯ ಷಡ್ಜದಿಂದ ಕದಲುವುದಿಲ್ಲ. ಎರಡನೆಯ ಸಲ ಚರ್ಮ ಹೆಚ್ಚು ಆಳಕ್ಕೆ ಇಳಿದು ಹೆಚ್ಚು ಎತ್ತರಕ್ಕೆ ಎದ್ದಿದೆ. ಬದಲಾಗಿರುವುದು ಪಾರ.

ಇದೇ ಚರ್ಮವಾದ್ಯಗಳನ್ನು ಸರ್ ಸಿ.ವಿ. ರಾಮನ್ ಬಹಳ ವರ್ಷ ಆಸಕ್ತಿಯಿಂದ ಅಭ್ಯಾಸ ಮಾಡಿದರು. 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಒಂದು ಟಿಪ್ಪಣಿ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಮೇಲೆ, 1934ರಲ್ಲಿ, ತಾವೇ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿವರವಾದ ಪ್ರಬಂಧ ಪ್ರಕಟಿಸಿದರು. ಸಾಮಾನ್ಯ ಡೋಲಿನ ಚರ್ಮದಿಂದ ಹೊಮ್ಮುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗ, ತಬಲಾಗಳ ಚರ್ಮದ ನಡುಭಾಗಕ್ಕೆ ಮೆತ್ತಿರುವ ಕಪ್ಪು ಕರಣೆ ಅದರ ಭಾರವನ್ನು ಎಷ್ಟು ಜಾಣತನದಿಂದ ಹಂಚುತ್ತದೆಂದರೆ, ಮೊದಲ ಐದು ಸ್ವರಗಳು ತಂತಿವಾದ್ಯದಂತೆ 1, 2, 3, 4, 5ರ ಅನುಪಾತದಲ್ಲಿ ಕೂಡಿಬರುತ್ತವೆ. ಇದನ್ನು ಕಣ್ಣಿಗೆ ಕಾಣಿಸಲು ಅವರು ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ ನುಡಿಸಿದರು. ಪಾರ ಹೆಚ್ಚಿರುವ ಕಡೆಯಿಂದ ಮರಳು ಎಗರಿ ಹೋಗುತ್ತದೆ. ಪಾರ ಸೊನ್ನೆಯಾಗಿರುವ ಗೆರೆಗಳ ಮೇಲೆ ಮಾತ್ರ ಕೂತುಕೊಳ್ಳುತ್ತದೆ. ಹೀಗೆ ಮೂಡಿದ ಚಿತ್ತಾರಗಳ ಛಾಯಾಚಿತ್ರಗಳು ಆ ಪ್ರಬಂಧದ ಜೊತೆ ಅಚ್ಚಾಗಿವೆ. ಪಾರವನ್ನು ಕಣ್ಣಾರೆ ಕಾಣಲು ಇದಕ್ಕಿಂತ ಚೆಂದದ ದಾರಿ ಬೇರೆ ಇಲ್ಲ.

ಚರ್ಮ ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಕ್ಕೆ ಸರಿದಾಗ ಸಡಿಲವಾಗುತ್ತದೆ. ಈ ಒತ್ತು–ಸಡಿಲು ಒಂದು ಪದರದಿಂದ ಮುಂದಿನ ಪದರಕ್ಕೆ ದಾಟುತ್ತ, ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುತ್ತದೆ. ಗಾಳಿ ತಾನೇ ನಮ್ಮ ಕಡೆಗೆ ಬೀಸಿ ಬರುವುದಿಲ್ಲ. ಒತ್ತಡದ ಏರಿಳಿತ ಮಾತ್ರ ಬರುತ್ತದೆ. ಹಾಗಾಗಿ ಗಾಳಿಯಲ್ಲಿ ಧ್ವನಿಯ ಪಾರವನ್ನು ಒತ್ತಡದ ಘಟಕವಾದ ಪಾಸ್ಕಲ್‌ನಲ್ಲಿ ಅಳೆಯುವುದು ರೂಢಿ.

ಇಲ್ಲಿ ಬರುವ ಸಂಖ್ಯೆಗಳು ಬೆರಗು ಹುಟ್ಟಿಸುತ್ತವೆ. ನಮ್ಮ ಸುತ್ತಲಿನ ವಾಯುಮಂಡಲದ ಒತ್ತಡ ಸುಮಾರು ಒಂದು ಲಕ್ಷ ಪಾಸ್ಕಲ್. ಎದುರು ಕೂತು ಮಾತಾಡುವವರ ದನಿ ಈ ಒತ್ತಡವನ್ನು ಅಲುಗಿಸುವುದು ಬರೀ 0.02 ಪಾಸ್ಕಲ್‌ನಷ್ಟು, ಅಂದರೆ ಐವತ್ತು ಲಕ್ಷದಲ್ಲಿ ಒಂದು ಪಾಲು. ಆರೋಗ್ಯವಂತ ಯುವಕರ ಕಿವಿಗೆ ಕೇಳಿಸುವ ಅತಿ ಸಣ್ಣ ಸದ್ದು ಇದಕ್ಕಿಂತ ಸಾವಿರ ಪಟ್ಟು ಚಿಕ್ಕದು: 20 ಮೈಕ್ರೋಪಾಸ್ಕಲ್. ಸೆಕೆಂಡಿಗೆ 1000 ಕಂಪನಗಳ ಅಂಥದೊಂದು ಸದ್ದಿನಲ್ಲಿ ಗಾಳಿಯ ಕಣಗಳು ಅತ್ತಿತ್ತ ಸರಿಯುವ ದೂರ ಒಂದು ಹೈಡ್ರೋಜನ್ ಪರಮಾಣುವಿನ ಅಗಲದ ಹತ್ತನೇ ಒಂದು ಭಾಗ. ಪರಮಾಣುವಿಗಿಂತ ಚಿಕ್ಕದಾದ ಅಲುಗಾಟವೊಂದನ್ನು ಗುರುತಿಸುವ ಉಪಕರಣ ನಮ್ಮ ತಲೆಯ ಎರಡೂ ಬದಿಯಲ್ಲಿದೆ.

ಲಕ್ಷ ಕೋಟಿ ಪಟ್ಟಿನ ಹರವು

ಅತಿ ಸಣ್ಣ ಸದ್ದು ಅಷ್ಟು ಚಿಕ್ಕದಾದರೆ, ಕಿವಿ ತಡೆದುಕೊಳ್ಳಬಲ್ಲ ದೊಡ್ಡ ಸದ್ದು ಎಷ್ಟು? ನೋವು ಶುರುವಾಗುವ ಆಸುಪಾಸಿನಲ್ಲಿ ಒತ್ತಡದ ಏರಿಳಿತ 20 ಪಾಸ್ಕಲ್ ಮುಟ್ಟುತ್ತದೆ. ಕನಿಷ್ಠಕ್ಕೆ ಹೋಲಿಸಿದರೆ ಇದು ಹತ್ತು ಲಕ್ಷ ಪಟ್ಟು.

ಇಲ್ಲಿ ಇನ್ನೊಂದು ನಿಯಮವನ್ನೂ ಗಮನಿಸಬೇಕು. ಅಲೆ ಹೊತ್ತು ತರುವ ಶಕ್ತಿ ಪಾರದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪಾರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ಪಾರ ಮೂರು ಪಟ್ಟಾದರೆ ಶಕ್ತಿ ಒಂಬತ್ತು ಪಟ್ಟು. ಒಂದು ಚದರ ಮೀಟರ್ ಜಾಗದ ಮೇಲೆ ಸೆಕೆಂಡಿಗೆ ಬೀಳುವ ಈ ಶಕ್ತಿಗೆ ತೀವ್ರತೆ ಎಂದು ಹೆಸರು. ಪಾರದಲ್ಲಿ ಹತ್ತು ಲಕ್ಷ ಪಟ್ಟು ಎಂದರೆ ತೀವ್ರತೆಯಲ್ಲಿ ಲಕ್ಷ ಕೋಟಿ ಪಟ್ಟು. ಮನುಷ್ಯರು ಮಾಡಿದ ಮಾಮೂಲಿ ಅಳತೆಯ ಸಾಧನಗಳಲ್ಲಿ ಇಷ್ಟು ಹರವನ್ನು ಒಂದೇ ಮುಳ್ಳಿನಲ್ಲಿ ತೋರಿಸುವಂಥದು ಸಿಗುವುದು ಕಷ್ಟ.

ಹಾಗೆಂದು ಸದ್ದಿನಲ್ಲಿ ದೊಡ್ಡ ಶಕ್ತಿ ಇರುತ್ತದೆಂದಲ್ಲ. ಸಾಧಾರಣ ಮಾತಿನಲ್ಲಿ ಒಬ್ಬರ ಬಾಯಿಂದ ಹೊರಡುವ ಧ್ವನಿಶಕ್ತಿ ವ್ಯಾಟಿನ ಲಕ್ಷದ ಒಂದು ಪಾಲಿನಷ್ಟು. ಒಂದು ಕೋಟಿ ಜನ ಒಟ್ಟಿಗೆ ಮಾತಾಡಿದರೂ ಹೊಮ್ಮುವುದು ನೂರು ವ್ಯಾಟಿನ ಹತ್ತಿರ. ಇಷ್ಟು ಅಲ್ಪ ಶಕ್ತಿಯಿಂದಲೇ ಒಂದು ಇಡೀ ಸಮಾಜ ಮಾತುಕತೆ ನಡೆಸುತ್ತದೆ. ಕಿವಿಯನ್ನು ರೂಪಿಸಿರುವುದು ಇಂಥ ಸದ್ದುಗಳಿಗಾಗಿ. ಸಾವಿರಾರು ವ್ಯಾಟಿನ ಸ್ಪೀಕರಿನ ಮುಂದೆ ಅದು ಗಂಟೆಗಟ್ಟಲೆ ನಿಂತದ್ದು ಮನುಷ್ಯನ ಇತಿಹಾಸದಲ್ಲಿ ಬಹಳ ಈಚೆಗೆ.

ಡೆಸಿಬೆಲ್ ಬಂದದ್ದು ಹೀಗೆ

ಲಕ್ಷ ಕೋಟಿಯವರೆಗಿನ ಸಂಖ್ಯೆಗಳನ್ನು ದಿನಬಳಕೆಯಲ್ಲಿ ಇಟ್ಟುಕೊಂಡು ಲೆಕ್ಕ ಮಾಡುವುದು ಕಷ್ಟ. 1920ರ ದಶಕದಲ್ಲಿ ಅಮೆರಿಕದ ಟೆಲಿಫೋನ್ ಎಂಜಿನಿಯರುಗಳು ಇದೇ ತೊಡಕನ್ನು ಎದುರಿಸಿದರು. ಮೈಲುಗಟ್ಟಲೆ ತಂತಿಯಲ್ಲಿ ಸಂಕೇತ ಎಷ್ಟು ಕುಂದುತ್ತದೆ ಎಂದು ಹೇಳಲು ಅವರು ಲಾಗರಿದಮ್ ಆಧಾರಿತ ಒಂದು ಮಾನ ರೂಪಿಸಿದರು. ಅದಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ನೆನಪಿನಲ್ಲಿ ಬೆಲ್ ಎಂದು ಹೆಸರಿಟ್ಟರು. ಬಳಕೆಗೆ ಅದು ತೀರ ದೊಡ್ಡದಾದ್ದರಿಂದ ಅದರ ಹತ್ತನೇ ಒಂದು ಭಾಗವಾದ ಡೆಸಿಬೆಲ್ ಚಾಲ್ತಿಗೆ ಬಂತು. ಸದ್ದನ್ನು ಅಳೆಯುವಾಗ, ಕೇಳಿಸುವ ಕನಿಷ್ಠ ಸದ್ದಾದ 20 ಮೈಕ್ರೋಪಾಸ್ಕಲ್ ಇದರಲ್ಲಿ ಸೊನ್ನೆ. ಹತ್ತು ಲಕ್ಷ ಪಟ್ಟು ಪಾರದ ಸದ್ದು 120.

ಈ ಮಾನ ಕಿವಿಯ ಸ್ವಭಾವಕ್ಕೂ ಹತ್ತಿರವಾಯಿತು. ಜರ್ಮನಿಯ ಅರ್ನ್ಸ್ಟ್ ವೇಬರ್ ಮತ್ತು ಗುಸ್ಟಾವ್ ಫೆಕ್ನರ್ 19ನೇ ಶತಮಾನದಲ್ಲೇ ನಮ್ಮ ಇಂದ್ರಿಯಗಳ ಒಂದು ಗುಣವನ್ನು ಗುರುತಿಸಿದ್ದರು. ಇಂದ್ರಿಯ ಗಮನಿಸುವುದು ಎಷ್ಟು ಹೆಚ್ಚಾಯಿತು ಎಂಬುದನ್ನಲ್ಲ, ಇದ್ದದ್ದರ ಎಷ್ಟು ಪಾಲು ಹೆಚ್ಚಾಯಿತು ಎಂಬುದನ್ನು. ದಿನಕ್ಕೆ ನೂರು ರೂಪಾಯಿ ದುಡಿಯುವವರಿಗೆ ಹತ್ತು ರೂಪಾಯಿ ಹೆಚ್ಚು ಸಿಕ್ಕರೆ ಅದು ಲೆಕ್ಕಕ್ಕೆ ಬರುತ್ತದೆ. ಲಕ್ಷ ದುಡಿಯುವವರಿಗೆ ಅದೇ ಹತ್ತು ರೂಪಾಯಿ ಕಣ್ಣಿಗೂ ಬೀಳದು. 20ನೇ ಶತಮಾನದ ನಡುಭಾಗದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಎಸ್.ಎಸ್. ಸ್ಟೀವನ್ಸ್ ಈ ನಿಯಮವನ್ನು ಇನ್ನಷ್ಟು ತಿದ್ದಿದರು. ಕೇಳುಗರ ಸರಾಸರಿ ಅನಿಸಿಕೆಯಂತೆ, ಪ್ರತಿ 10 ಡೆಸಿಬೆಲ್ ಏರಿಕೆಗೆ ಸದ್ದು ಸುಮಾರು ಎರಡರಷ್ಟು ಜೋರಾಗುತ್ತದೆ ಎಂದು ಅವರ ಪ್ರಯೋಗಗಳು ತೋರಿಸಿದವು.

ನೆನಪಿಟ್ಟುಕೊಳ್ಳಬೇಕಾದ ಲೆಕ್ಕ ಇಷ್ಟೇ:

3 ಡೆಸಿಬೆಲ್ ಏರಿದರೆ ತೀವ್ರತೆ ಎರಡು ಪಟ್ಟು.
6 ಡೆಸಿಬೆಲ್ ಏರಿದರೆ ಪಾರ ಎರಡು ಪಟ್ಟು, ತೀವ್ರತೆ ನಾಲ್ಕು ಪಟ್ಟು.
10 ಡೆಸಿಬೆಲ್ ಏರಿದರೆ ತೀವ್ರತೆ ಹತ್ತು ಪಟ್ಟು, ಕಿವಿಗೆ ಎರಡು ಪಟ್ಟು ಜೋರು.
20 ಡೆಸಿಬೆಲ್ ಏರಿದರೆ ಪಾರ ಹತ್ತು ಪಟ್ಟು, ತೀವ್ರತೆ ನೂರು ಪಟ್ಟು, ಕಿವಿಗೆ ನಾಲ್ಕು ಪಟ್ಟು ಜೋರು.

ಇದನ್ನು ಒಂದು ಮದುವೆ ಮಂಟಪಕ್ಕೆ ಅನ್ವಯಿಸಿ ನೋಡೋಣ. ಊಟದ ಪಂಕ್ತಿಯಲ್ಲಿ ಪಕ್ಕದವರ ಜೊತೆ ಆಡುವ ಮಾತು 60 ಡೆಸಿಬೆಲ್. ಆರತಕ್ಷತೆಯ ವೇದಿಕೆಯ ಸ್ಪೀಕರ್ ಹತ್ತಿರ 100 ಡೆಸಿಬೆಲ್. ಕಿವಿಯ ಅಂದಾಜಿನಲ್ಲಿ ಇದು ಮಾತಿಗಿಂತ ಹದಿನಾರು ಪಟ್ಟು ಜೋರು. ಒತ್ತಡದ ಪಾರ ನೂರು ಪಟ್ಟು. ಕಿವಿಗೆ ಬೀಳುವ ಶಕ್ತಿ ಹತ್ತು ಸಾವಿರ ಪಟ್ಟು.

ದೂರ ಸರಿದರೆ ಏನಾಗುತ್ತದೆ?

ಬಯಲಿನಲ್ಲಿ ಸದ್ದು ಎಲ್ಲ ದಿಕ್ಕಿಗೂ ಹರಡುತ್ತದೆ. ಸದ್ದಿನ ಮೂಲದಿಂದ ಇರುವ ದೂರ ಎರಡರಷ್ಟಾದರೆ ಪಾರ ಅರ್ಧವಾಗುತ್ತದೆ, ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಪಿಸುಮಾತು ಒಂದು ಮೀಟರ್ ದೂರದಲ್ಲಿ ಸುಮಾರು 30 ಡೆಸಿಬೆಲ್. ಅದೇ ಪಿಸುಮಾತು ಬಯಲಿನಲ್ಲಿ 38 ಮೀಟರ್ ಆಚೆಗೆ ತಲಪುವಾಗ ಪಾರ ಮೂವತ್ತೆಂಟನೇ ಒಂದಕ್ಕೆ ಕುಗ್ಗಿ, ಸೊನ್ನೆ ಡೆಸಿಬೆಲ್‌ಗಿಂತ ಕೆಳಗೆ ಇಳಿದಿರುತ್ತದೆ. ಯಾರಿಗೂ ಕೇಳಿಸದು.

ವಿಜಯಪುರದ ಗೋಲ ಗುಮ್ಮಟದಲ್ಲಿ ಮಾತ್ರ ಕೇಳಿಸುತ್ತದೆ. 1656ರ ಹೊತ್ತಿಗೆ ಮುಗಿದ ಮಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್. ಅದರ ಬುಡದಲ್ಲಿ ಒಳಸುತ್ತು ಹಾದಿರುವ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಗೋಡೆಯ ಕಡೆ ಮುಖ ಮಾಡಿ ಮೆಲ್ಲಗೆ ಉಸುರಿದರೆ, ನೇರ ಎದುರಿನಲ್ಲಿರುವವರು ಅದನ್ನು ಸ್ಪಷ್ಟವಾಗಿ ಕೇಳುತ್ತಾರೆ. ಸದ್ದು ಇಲ್ಲಿ ಎಲ್ಲ ದಿಕ್ಕಿಗೂ ಚದುರುವುದಿಲ್ಲ. ಬಾಗಿದ ಗೋಡೆಗೆ ಅಂಟಿಕೊಂಡಂತೆ ಅದರ ಗುಂಟವೇ ಹರಿಯುತ್ತದೆ, ಅದರಿಂದ ಪಾರ ಬೇಗ ಕುಗ್ಗುವುದಿಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ನಡೆಯುವ ಇಂಥದೇ ವಿದ್ಯಮಾನಕ್ಕೆ ಲಾರ್ಡ್ ರೇಲಿ ಈ ವಿವರಣೆ ಕೊಟ್ಟರು. 1921ರಲ್ಲಿ ಇಂಗ್ಲೆಂಡಿಗೆ ಹೋಗಿದ್ದ ರಾಮನ್ ಅದೇ ಚರ್ಚಿನಲ್ಲಿ ಸ್ವತಃ ಪ್ರಯೋಗ ಮಾಡಿ ಬಂದರು.

ದೂರದ ಈ ನಿಯಮ ನಿತ್ಯಜೀವನದಲ್ಲಿ ಬಹಳ ಉಪಯುಕ್ತ. ಸ್ಪೀಕರಿನಿಂದ ಎರಡು ಮೀಟರ್ ದೂರ ಇದ್ದವರು ನಾಲ್ಕು ಮೀಟರಿಗೆ ಸರಿದರೆ, ಬಯಲಿನಲ್ಲಾದರೆ ಕಿವಿಗೆ ಬೀಳುವ ಶಕ್ತಿ ಕಾಲು ಭಾಗವಾಗುತ್ತದೆ. ಮುಚ್ಚಿದ ಸಭಾಂಗಣದಲ್ಲಿ ಇಷ್ಟು ಲಾಭ ಸಿಗದು. ಗೋಡೆ, ಸೂರುಗಳಿಂದ ಮರಳಿ ಬರುವ ಸದ್ದೂ ಕೂಡಿಕೊಳ್ಳುತ್ತದೆ.

ಒಂದೇ ಪಾರ, ಬೇರೆ ಬೇರೆ ಜೋರು

ಪಾರ ಹೆಚ್ಚಿದರೆ ಸದ್ದು ಜೋರು ಎಂಬ ಮಾತು ಒಂದೇ ಶ್ರುತಿಯ ಮಟ್ಟಿಗೆ ನಿಜ. ಶ್ರುತಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ. 1933ರಲ್ಲಿ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಕೇಳುಗರಿಗೆ ಹೆಡ್‌ಫೋನ್ ಹಾಕಿ ಎರಡು ಸ್ವರಗಳನ್ನು ಒಂದರ ನಂತರ ಒಂದು ಕೇಳಿಸಿದರು. ಒಂದು ಸದಾ 1000 ಹರ್ಟ್ಸ್. ಇನ್ನೊಂದು ಕೆಲವೊಮ್ಮೆ ಮಂದ್ರ, ಕೆಲವೊಮ್ಮೆ ತಾರ. ಎರಡೂ ಸಮನಾಗಿ ಜೋರಾಗಿವೆ ಎಂದು ಕೇಳುಗರು ಹೇಳುವ ಮಟ್ಟವನ್ನು ಗುರುತು ಹಾಕಿಕೊಳ್ಳುತ್ತ ಹೋದರು. ಹಾಗೆ ಮೂಡಿದ ಸಮಗಟ್ಟಿತನದ ರೇಖೆಗಳು, ಮುಂದೆ ಬಹಳ ತಿದ್ದುಪಡಿಗಳಾದರೂ, ಇಂದಿಗೂ ಧ್ವನಿವಿಜ್ಞಾನದ ಅಡಿಪಾಯ.

ಆ ರೇಖೆಗಳು ಹೇಳುವ ಸಂಗತಿ ಇದು: ನಮ್ಮ ಕಿವಿ ಅತ್ಯಂತ ಚುರುಕಾಗಿರುವುದು 2000ದಿಂದ 5000 ಹರ್ಟ್ಸ್ ನಡುವೆ. ಕೂಸಿನ ಅಳುವಿನಲ್ಲಿ, ಸ–ಶ–ಚ ಮುಂತಾದ ವ್ಯಂಜನಗಳಲ್ಲಿ ಈ ಆವೃತ್ತಿಗಳು ತುಂಬಿರುತ್ತವೆ. 100 ಹರ್ಟ್ಸಿನ ಮಂದ್ರಸ್ವರ ಕೇಳಿಸಲು ಶುರುವಾಗಬೇಕಾದರೆ ಸುಮಾರು 26 ಡೆಸಿಬೆಲ್, ಅಂದರೆ ಕನಿಷ್ಠಕ್ಕಿಂತ ಇಪ್ಪತ್ತು ಪಟ್ಟು ಪಾರ ಬೇಕು. ಇನ್ನೂ ಕೆಳಗಿನ ಸ್ವರಗಳಿಗೆ ಇನ್ನೂ ಹೆಚ್ಚು.

ಕಿವಿಯ ಈ ಒಲವನ್ನು ಅನುಸರಿಸುವಂತೆ ಶಬ್ದಮಾಪಕಗಳಲ್ಲಿ ಒಂದು ಸೋಸುವಿಕೆ ಇರುತ್ತದೆ. ಇದನ್ನು ಎ–ತೂಕ ಎನ್ನುತ್ತಾರೆ, ಅಳತೆಯನ್ನು ಡಿಬಿ(ಎ) ಎಂದು ಬರೆಯುತ್ತಾರೆ. 63 ಹರ್ಟ್ಸಿನ ಸದ್ದು ಎಷ್ಟೇ ಇರಲಿ, ಈ ಸೋಸುವಿಕೆ ಅದರಲ್ಲಿ 26 ಡೆಸಿಬೆಲ್ ಕಳೆದು ತೋರಿಸುತ್ತದೆ. ಡಿಜೆ ಮೆರವಣಿಗೆಯ ಎದೆ ನಡುಗಿಸುವ ಬೇಸ್ ಇರುವುದು ಈ ಕೆಳಗಿನ ಆವೃತ್ತಿಗಳಲ್ಲೇ. ಕಿಟಕಿಯ ಗಾಜು ಗಡಗಡ ಅಲ್ಲಾಡುತ್ತಿದ್ದರೂ, ತೊಟ್ಟಿಲಲ್ಲಿ ಮಲಗಿದ ಮಗು ಬೆಚ್ಚಿ ಎದ್ದರೂ, ಮಾಪಕದ ಸಂಖ್ಯೆ ಅಷ್ಟೇನೂ ಏರಿರುವುದಿಲ್ಲ. ದೂರು ಕೊಟ್ಟವರದು ಉತ್ಪ್ರೇಕ್ಷೆ ಎಂದು ತೀರ್ಮಾನಿಸುವ ಮೊದಲು ಅಧಿಕಾರಿಗಳು ಈ ಕಳೆಯುವ ಲೆಕ್ಕವನ್ನು ನೆನಪಿಟ್ಟುಕೊಳ್ಳಬೇಕು.

ಒಳಗಿವಿಯ ಜೀವಂತ ಯಂತ್ರ

ಗಾಳಿಯ ಪಾರ ಕಿವಿಯಲ್ಲಿ ಗಟ್ಟಿತನವಾಗಿ ಮಾರ್ಪಡುವ ಬಗೆಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಅಲೆ ಮೊದಲು ತಮಟೆಯನ್ನು ಅಲುಗಿಸುತ್ತದೆ. ತಮಟೆಗೆ ತಾಗಿಕೊಂಡಿರುವ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಆ ಅಲುಗಾಟವನ್ನು ಒಳಗಿವಿಯ ಅಂಡಾಕಾರದ ಕಿಂಡಿಗೆ ಮುಟ್ಟಿಸುತ್ತವೆ. ತಮಟೆಯ ವಿಸ್ತೀರ್ಣ ಈ ಕಿಂಡಿಯದಕ್ಕಿಂತ ಸುಮಾರು 17 ಪಟ್ಟು ಹೆಚ್ಚು. ದೊಡ್ಡ ಜಾಗದ ಮೇಲೆ ಬಿದ್ದ ಬಲ ಚಿಕ್ಕ ಜಾಗಕ್ಕೆ ಕೇಂದ್ರೀಕೃತವಾಗಿ, ಮೂಳೆಗಳ ಸನ್ನೆಯ ಬಲವೂ ಸೇರಿ, ಒತ್ತಡ ಇಪ್ಪತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ. ಕಿಂಡಿಯ ಆಚೆಗೆ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ, ದ್ರವ ತುಂಬಿದ ಕಾಕ್ಲಿಯಾ. ಅದರ ಉದ್ದಕ್ಕೂ ಹಾಸಿದ ಪೊರೆಯ ಮೇಲೆ ಕೂದಲುಕೋಶಗಳ ಸಾಲುಗಳಿವೆ: ಒಳಸಾಲಿನಲ್ಲಿ ಸುಮಾರು 3500, ಹೊರಸಾಲುಗಳಲ್ಲಿ ಸುಮಾರು 12,000.

ಈ ಪೊರೆಯ ಮೇಲೆ ಅಲೆ ಸಾಗುವ ಬಗೆಯನ್ನು ಕಂಡುಹಿಡಿದವರು ಹಂಗೇರಿಯ ಗಿಯೋರ್ಗ್ ಫಾನ್ ಬೆಕೆಶಿ. ಇದಕ್ಕಾಗಿ 1961ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ಪ್ರಯೋಗ ಮಾಡಿದ್ದು ಶವಗಳ ಕಿವಿಯ ಮೇಲೆ. ಅಲ್ಲಿ ಸದ್ದಿನ ಪಾರ ಹೆಚ್ಚಿದಷ್ಟೇ ಪೊರೆಯ ಅಲುಗಾಟವೂ ಹೆಚ್ಚಿತು, ಒಂದಕ್ಕೊಂದು ನೇರ ಅನುಪಾತ. 1971ರಲ್ಲಿ ಅಮೆರಿಕದ ವಿಲಿಯಂ ರೋಡ್ ಜೀವಂತ ಕೋತಿಗಳ ಕಾಕ್ಲಿಯಾದಲ್ಲಿ ಅದನ್ನೇ ಅಳೆದಾಗ ಚಿತ್ರ ಬದಲಾಯಿತು. ಸಣ್ಣ ಸದ್ದಿಗೆ ಪೊರೆ ನಿರೀಕ್ಷೆಗಿಂತ ಬಹಳ ಹೆಚ್ಚು ಅಲುಗುತ್ತಿತ್ತು. ಸದ್ದು ದೊಡ್ಡದಾದಂತೆ ಅಲುಗಾಟದ ಏರಿಕೆ ಮಂದವಾಗುತ್ತಿತ್ತು. ಜೀವ ಹೋದ ಮೇಲೆ ಈ ಗುಣವೂ ಹೋಗುತ್ತಿತ್ತು.

ಹಾಗಾದರೆ ಸಣ್ಣ ಸದ್ದನ್ನು ಎತ್ತಿ, ದೊಡ್ಡ ಸದ್ದನ್ನು ಅದುಮುವ ಜೀವಂತ ಯಂತ್ರವೊಂದು ಅಲ್ಲಿರಬೇಕು. 1985ರಲ್ಲಿ ವಿಲಿಯಂ ಬ್ರೌನೆಲ್ ಮತ್ತು ಸಂಗಡಿಗರು ಅದನ್ನು ಹಿಡಿದು ತೋರಿಸಿದರು. ಹೊರಸಾಲಿನ ಕೂದಲುಕೋಶಗಳಿಗೆ ವಿದ್ಯುತ್ ಪ್ರಚೋದನೆ ಕೊಟ್ಟಾಗ ಅವು ತಾವೇ ಉದ್ದವಾಗುತ್ತ ಗಿಡ್ಡವಾಗುತ್ತ ಕುಣಿಯುತ್ತವೆ. ಪಿಸುಮಾತು ಬಂದಾಗ ಅವು ತಮ್ಮ ಶಕ್ತಿ ಸೇರಿಸಿ ಪೊರೆಯ ಪಾರವನ್ನು ನೂರಾರು ಪಟ್ಟು ಹಿಗ್ಗಿಸುತ್ತವೆ. ಅಬ್ಬರ ಬಂದಾಗ ಅವುಗಳ ನೆರವು ಲೆಕ್ಕಕ್ಕೆ ಸಿಗದಷ್ಟು ಕಡಿಮೆಯಾಗುತ್ತದೆ. ಲಕ್ಷ ಕೋಟಿ ಪಟ್ಟಿನ ಹರವು ನಮ್ಮ ನರಗಳಿಗೆ ದಕ್ಕುವ ಅಳತೆಗೆ ಕುಗ್ಗುವುದರಲ್ಲಿ ದೊಡ್ಡ ಪಾಲು ಈ ಕೋಶಗಳದು.

ಮೊದಲು ಸಾಯುವುದು ಇವೇ

ಅತಿ ಸದ್ದಿಗೆ ಮೊದಲು ಬಲಿಯಾಗುವುದೂ ಈ ಹೊರಸಾಲಿನ ಕೋಶಗಳೇ. ಹಕ್ಕಿಗಳಲ್ಲಿ ಸತ್ತ ಕೂದಲುಕೋಶಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ. ಮನುಷ್ಯರಲ್ಲಿ ಹುಟ್ಟುವುದಿಲ್ಲ. ಹುಟ್ಟುವಾಗ ತಂದದ್ದೇ ಕೊನೆಯವರೆಗಿನ ಆಸ್ತಿ.

ಈ ಕೋಶಗಳನ್ನು ಕಳೆದುಕೊಂಡವರ ಕಷ್ಟವನ್ನು ಅನೇಕ ಮನೆಗಳಲ್ಲಿ ಕಾಣಬಹುದು. "ಅಜ್ಜ, ಕಾಫಿ ಬೇಕಾ?" ಎಂದು ಮೆಲ್ಲಗೆ ಕೇಳಿದರೆ ಅಜ್ಜನಿಗೆ ಕೇಳಿಸುವುದಿಲ್ಲ. ಎರಡು ಮೂರು ಸಲ ಕೂಗಿ ಕೇಳಿದರೆ, "ಯಾಕೆ ಹಾಗೆ ಕಿರುಚ್ತೀಯ, ನಾನೇನು ಕಿವುಡನಾ?" ಎಂದು ರೇಗುತ್ತಾರೆ. ಮನೆಯವರು ಇದನ್ನು ಅಜ್ಜನ ಹಟ ಎಂದುಕೊಳ್ಳುತ್ತಾರೆ. ಅದು ಹಟವಲ್ಲ. ಸಣ್ಣ ಸದ್ದನ್ನು ಎತ್ತಿಕೊಡುವ ಕೋಶಗಳು ಸತ್ತಿವೆ, ಹಾಗಾಗಿ ಮೆಲುಮಾತು ಕೇಳದು. ದೊಡ್ಡ ಸದ್ದಿಗೆ ಆ ಕೋಶಗಳ ಅಗತ್ಯವೇ ಇರಲಿಲ್ಲ, ಅದು ಮೊದಲಿನಷ್ಟೇ ಜೋರಾಗಿ ಬಂದು ಬಡಿಯುತ್ತದೆ. ಕೇಳದಿರುವುದಕ್ಕೂ ಕಿವಿ ನೋಯುವುದಕ್ಕೂ ನಡುವಿನ ಅಂತರ ಕಿರಿದಾಗಿಬಿಟ್ಟಿದೆ. ಇಂಥವರ ಜೊತೆ ಕೂಗದೆ, ಎದುರು ಕೂತು, ಬಿಡಿಸಿ ಬಿಡಿಸಿ ಮಾತಾಡಬೇಕು.

ಸದ್ದಿನಿಂದಾಗುವ ಹಾನಿ ಹೆಚ್ಚಾಗಿ ಶುರುವಾಗುವುದು 4000 ಹರ್ಟ್ಸ್ ಆಸುಪಾಸಿನಲ್ಲಿ. ಆದ್ದರಿಂದ ಮೊದಲು ಕೈಬಿಡುವುದು ವ್ಯಂಜನಗಳು. "ಮಾತು ಕೇಳುತ್ತೆ, ಏನು ಅಂತ ಗೊತ್ತಾಗಲ್ಲ" ಎಂಬ ದೂರು ಇದರ ಸ್ಪಷ್ಟ ಲಕ್ಷಣ.

ಎಷ್ಟು ಸದ್ದನ್ನು ಎಷ್ಟು ಹೊತ್ತು ಕೇಳಬಹುದು? ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ ಕೆಲಸಗಾರರಿಗೆ ಹಾಕಿಕೊಟ್ಟ ಮಿತಿ ದಿನಕ್ಕೆ 8 ಗಂಟೆ, 85 ಡಿಬಿ(ಎ). ಶಕ್ತಿ ಎರಡು ಪಟ್ಟಾದರೆ ಸಮಯ ಅರ್ಧವಾಗಬೇಕು. ಅಂದರೆ 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಬರೀ 15 ನಿಮಿಷ. 85ರಿಂದ 100ಕ್ಕೆ ಏರಿದಾಗ ಕಿವಿಗೆ ಅನ್ನಿಸುವುದು ಮೂರು ಪಟ್ಟಿಗಿಂತ ಕೊಂಚ ಕಡಿಮೆ. ಸುರಕ್ಷಿತ ಸಮಯ ಕುಗ್ಗುವುದು ಮೂವತ್ತೆರಡು ಪಟ್ಟು. ಕಿವಿಯ ಅಂದಾಜನ್ನು ನಂಬಿ ಕೂರುವುದರಲ್ಲಿರುವ ಅಪಾಯ ಈ ಎರಡು ಸಂಖ್ಯೆಗಳ ನಡುವೆ ಇದೆ.

ಡೆಸಿಬೆಲ್ ಪಟ್ಟಿ (ಸುಮಾರಾಗಿ)

0 – ಆರೋಗ್ಯವಂತ ಕಿವಿಗೆ ಕೇಳಿಸುವ ಕನಿಷ್ಠ ಸದ್ದು
20 – ಎಲೆಗಳ ಮರ್ಮರ
30 – ಪಿಸುಮಾತು
60 – ಎದುರುಬದುರು ಮಾತುಕತೆ
80–85 – ವಾಹನ ದಟ್ಟಣೆಯ ರಸ್ತೆ ಬದಿ
100 – ಪೂರ್ತಿ ವಾಲ್ಯೂಮಿನಲ್ಲಿ ಅನೇಕ ಇಯರ್‌ಫೋನ್‌ಗಳು ಮುಟ್ಟುವ ಮಟ್ಟ
120 – ಕಿವಿ ತಾಳದ, ನೋವಿನ ಅಂಚು
172 – 1883ರ ಕ್ರಾಕಟೋವ ಜ್ವಾಲಾಮುಖಿ ಸ್ಫೋಟ, ಸುಮಾರು 160 ಕಿ.ಮೀ. ದೂರದಲ್ಲಿ, ಈ ಸದ್ದು 4800 ಕಿ.ಮೀ. ಆಚೆಯ ರೋಡ್ರಿಗಸ್ ದ್ವೀಪದಲ್ಲೂ ಕೇಳಿಸಿತ್ತು
194 – ಅಲೆಯ ಪಾರ ವಾಯುಮಂಡಲದ ಒತ್ತಡಕ್ಕೇ ಸಮನಾಗುವ ಹಂತ. ಇದಕ್ಕಿಂತ ಮೇಲಿನದು ಮಾಮೂಲಿ ಧ್ವನಿಯಲ್ಲ, ಆಘಾತ ತರಂಗ

ಕಾನೂನಿನಲ್ಲಿ ಏನಿದೆ?

ನಮ್ಮ ದೇಶದಲ್ಲಿ ಇದಕ್ಕೆ ಸ್ಪಷ್ಟ ನಿಯಮಗಳಿವೆ. ಶಬ್ದಮಾಲಿನ್ಯ (ನಿಯಂತ್ರಣ) ನಿಯಮಗಳು 2000ನೇ ಇಸವಿಯಿಂದ ಜಾರಿಯಲ್ಲಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡಿಬಿ(ಎ) ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ ನೂರು ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಹಗಲು 50, ರಾತ್ರಿ 40. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಈ ನಿರ್ಬಂಧಗಳನ್ನು ಎತ್ತಿಹಿಡಿದು, ನೆಮ್ಮದಿಯಾಗಿ ಬದುಕುವ ಹಕ್ಕಿನ ಜೊತೆ ಅವನ್ನು ಜೋಡಿಸಿತು.

ಪಟಾಕಿಯ ಮಿತಿಯನ್ನು ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಎಂದು ಗೊತ್ತುಮಾಡಲಾಗಿದೆ. ಆ 4 ಮೀಟರ್ ಎಂಬುದನ್ನು ಗಮನಿಸಿ. ಒಂದು ಮೀಟರ್ ಹತ್ತಿರ ನಿಂತ ಮಗುವಿಗೆ ಅದೇ ಪಟಾಕಿ ನಾಲ್ಕು ಪಟ್ಟು ಪಾರದಲ್ಲಿ, 12 ಡೆಸಿಬೆಲ್ ಹೆಚ್ಚಾಗಿ ಅಪ್ಪಳಿಸುತ್ತದೆ. ದೊಡ್ಡ ಸದ್ದು ಬಂದಾಗ ರಿಕಾಪು ಮೂಳೆಯನ್ನು ಬಿಗಿ ಹಿಡಿದು ಕಾಪಾಡುವ ಪುಟ್ಟ ಸ್ನಾಯುವೊಂದು ಕಿವಿಯಲ್ಲಿದೆ. ಆದರೆ ಅದು ಎಚ್ಚೆತ್ತುಕೊಳ್ಳಲು ಸೆಕೆಂಡಿನ ನೂರನೇ ಕೆಲವು ಭಾಗಗಳಷ್ಟು ಹೊತ್ತು ಬೇಕು. ಅಷ್ಟರಲ್ಲಿ ಪಟಾಕಿಯ ಸದ್ದು ಒಳಗೆ ಹೋಗಿ ತನ್ನ ಕೆಲಸ ಮುಗಿಸಿರುತ್ತದೆ.

ನಾವು ಮಾಡಬಹುದಾದದ್ದು

ಅಸುರಕ್ಷಿತವಾಗಿ ಸಂಗೀತ ಕೇಳುವ ಅಭ್ಯಾಸದಿಂದ ಜಗತ್ತಿನ ನೂರು ಕೋಟಿಗೂ ಹೆಚ್ಚು ಯುವಜನರ ಶ್ರವಣಶಕ್ತಿ ಅಪಾಯದಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಮನರಂಜನೆಯ ಸ್ಥಳಗಳಲ್ಲಿ ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದೆಂದು 2022ರಲ್ಲಿ ಅದು ಮಾನದಂಡ ಹೊರಡಿಸಿತು. ಫೋನಿನ ವಾಲ್ಯೂಮನ್ನು ಗರಿಷ್ಠದ ಶೇ 60ರ ಒಳಗೆ ಇಡುವುದು ಅದರ ಸರಳ ಸಲಹೆ. ಬಸ್ಸಿನ ಗದ್ದಲವನ್ನು ಮೀರಿಸಲು ವಾಲ್ಯೂಮ್ ಏರಿಸುವ ಬದಲು, ಹೊರಗಿನ ಸದ್ದನ್ನು ತಡೆಯುವ ಇಯರ್‌ಫೋನ್ ಬಳಸಿ. ಮೆರವಣಿಗೆಯಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಪೀಕರಿನ ಮುಂದೆ ನಿಲ್ಲಬೇಡಿ. ಒಂದು ಮಾರು ದೂರದಲ್ಲಿರುವವರ ಮಾತು ಕೇಳಲು ಅವರು ಕಿರುಚಬೇಕಾಗಿ ಬಂದರೆ, ಅಲ್ಲಿನ ಸದ್ದು ನಿಮ್ಮ ಕಿವಿಗೆ ಹೆಚ್ಚಾಗಿದೆ ಎಂದೇ ತಿಳಿಯಿರಿ.

ಫೋನಿನಲ್ಲಿ ಶಬ್ದಮಾಪಕ ಆಪ್ ಹಾಕಿಕೊಂಡರೆ ಅಂದಾಜು ಡೆಸಿಬೆಲ್ ತಿಳಿಯುತ್ತದೆ. ಕಾರ್ಯಕ್ರಮ ಮುಗಿದು ಮನೆಗೆ ಬಂದ ಮೇಲೂ ಕಿವಿ ಗುಂಯ್‌ಗುಡುತ್ತಿದ್ದರೆ ಒಳಗಿನ ಕೋಶಗಳು ಪೆಟ್ಟು ತಿಂದಿವೆ ಎಂದರ್ಥ. ಒಂದೆರಡು ದಿನಕ್ಕೂ ಅದು ಹೋಗದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸದಲ್ಲಿ ತೊಡಗಿದೆ. ಜಿಲ್ಲಾ ಆಸ್ಪತ್ರೆಗಳ ಕಿವಿ–ಮೂಗು–ಗಂಟಲು ವಿಭಾಗದಲ್ಲೂ ವಿಚಾರಿಸಬಹುದು.

ಸಭೆ ಸಮಾರಂಭ ನಡೆಸುವವರಲ್ಲಿ ಒಂದು ವಿನಂತಿ. ಸೌಂಡಿನವರಿಗೆ 10 ಡೆಸಿಬೆಲ್ ಇಳಿಸಲು ಹೇಳಿ. ಕೇಳುವವರಿಗೆ ಸದ್ದು ಅರ್ಧಕ್ಕೆ ಇಳಿದಂತೆ ಅನ್ನಿಸುತ್ತದೆ, ಹಾಡಿನ ಖುಷಿ ಉಳಿದೇ ಇರುತ್ತದೆ. ಕಿವಿಯೊಳಗಿನ ಕೋಶಗಳ ಮೇಲೆ ಬೀಳುವ ಶಕ್ತಿ ಮಾತ್ರ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ನಿಮ್ಮ ಮಂಟಪಕ್ಕೆ ಬರುವ ಮಕ್ಕಳು ಅದೇ ಕಿವಿಗಳಿಂದ ಇನ್ನೂ ಎಪ್ಪತ್ತು ಎಂಬತ್ತು ವರ್ಷ ಕೇಳಬೇಕಾಗಿದೆ. ಅವರಿಗಾಗಿ ಇಷ್ಟನ್ನು ಮಾಡಿ.